ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕಣ್ಣಿನ ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ಡಯಾಲಿಸಿಸ್‌ಗೆ ಬರುವವರು ಮತ್ತು ಅವರ ಜೊತೆ ಕಾಯುತ್ತಾ ಕೂರುವ ಮನೆಯವರು ನಡಿಗೆ, ತಲೆಸುತ್ತು, ಬೀಳುವ ಭಯದ ಬಗ್ಗೆ ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಆದಷ್ಟೂ ಅವರ ಮಾತಲ್ಲೇ ಬಿಟ್ಟಿದ್ದೇನೆ. ಒಂದೇ ಸಲ ಎಲ್ಲವನ್ನೂ ಓದಬೇಕಿಲ್ಲ, ನಿಮಗೆ ಬೇಕಾದ್ದನ್ನು ಹುಡುಕಿ ಓದಿ. ಎರಡನೇ ಭಾಗವನ್ನು ಮಾತ್ರ ದಯವಿಟ್ಟು ಹಾರಿಸಬೇಡಿ.

## ಮೊದಲ ಗೊಂದಲಗಳು

ಬೀಳೋದು ಕಾಲಿನ ಸಮಸ್ಯೆ ಅಲ್ವಾ? ಕಣ್ಣಿಗೆ ಯಾಕೆ ವ್ಯಾಯಾಮ?

ಕಾಲಿನ ಪಾಲು ದೊಡ್ಡದೇ. ಆದರೆ ನಾವು ನೆಟ್ಟಗೆ ನಿಲ್ಲಬೇಕಾದರೆ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು. ಪಾದ ಮತ್ತು ಕೀಲುಗಳು ನೆಲ ಹೇಗಿದೆ ಅಂತ ಹೇಳುತ್ತವೆ. ಒಳಕಿವಿ ತಲೆ ಎತ್ತ ತಿರುಗುತ್ತಿದೆ ಅಂತ ಹೇಳುತ್ತದೆ. ಕಣ್ಣು ಸುತ್ತಮುತ್ತ ಏನಿದೆ ಅಂತ ಹೇಳುತ್ತದೆ.

ಕಿಡ್ನಿ ಕೆಟ್ಟವರಲ್ಲಿ ಮೊದಲು ಮಂಕಾಗುವುದು ಸಾಮಾನ್ಯವಾಗಿ ಪಾದದ ಸುದ್ದಿ. ರಕ್ತದಲ್ಲೇ ಉಳಿಯುವ ಕಲ್ಮಶ ಕಾಲಿನ ನರಗಳನ್ನು ಹಾಳು ಮಾಡುತ್ತದೆ. ಶುಗರ್ ಇದ್ದರೆ ಇನ್ನೂ ಜಾಸ್ತಿ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ವಾಲುವವರನ್ನು ಗಮನಿಸಿ. ಬೆಳಕಿರುವಾಗ ಸರಿಯಾಗೇ ಓಡಾಡುತ್ತಾರೆ. ರಾತ್ರಿ ದೀಪ ಆರಿಸಿದರೆ ಗೋಡೆ ಹುಡುಕುತ್ತಾರೆ. ಅಂದರೆ ಪಾದದ ಕೆಲಸವನ್ನೂ ಕಣ್ಣೇ ಹೊತ್ತುಕೊಂಡಿದೆ ಅಂತ ಅರ್ಥ. ಹೀಗಿರುವಾಗ ಕಣ್ಣು ಮತ್ತು ಒಳಕಿವಿಯ ಹೊಂದಾಣಿಕೆ ಚುರುಕಾಗಿದ್ದಷ್ಟೂ ನಡಿಗೆಗೆ ಆಸರೆ.

ಕಣ್ಣಿಗೂ ಕಿವಿಗೂ ಏನು ಸಂಬಂಧ?

ಈಗಲೇ ಪರೀಕ್ಷೆ ಮಾಡಬಹುದು. ಕುರ್ಚಿಯಲ್ಲಿ ಕೂತು, ತಲೆ ಅಲ್ಲಾಡಿಸದೆ, ನೀವು ಓದುತ್ತಿರುವ ಫೋನನ್ನು ಬೇಗ ಬೇಗ ಎಡಕ್ಕೂ ಬಲಕ್ಕೂ ಆಡಿಸಿ. ಅಕ್ಷರ ಮಸುಕಾಗುತ್ತದೆ. ಈಗ ಫೋನನ್ನು ಹಾಗೇ ಹಿಡಿದು, ಅದೇ ವೇಗದಲ್ಲಿ ತಲೆ ಆಡಿಸಿ. ಓದಲು ಬರುತ್ತದೆ ಅಲ್ವಾ?

ತಲೆ ತಿರುಗಿದ ತಕ್ಷಣ ಒಳಕಿವಿ ಕಣ್ಣಿನ ಸ್ನಾಯುಗಳಿಗೆ ಸುದ್ದಿ ಕೊಡುತ್ತದೆ. ಕಣ್ಣು ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಹೊರಳುತ್ತದೆ. ಇದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು. ಬರೀ ಕಣ್ಣಿಂದ ಹಿಂಬಾಲಿಸಿ ನೋಡುವುದು ಇದಕ್ಕಿಂತ ಎಷ್ಟೋ ನಿಧಾನ. ಎರಡನೇ ಸಲವೂ ಅಕ್ಷರ ಕುಣಿದರೆ, ಅದನ್ನು ಡಾಕ್ಟರ ಹತ್ತಿರ ಹೇಳಲೇಬೇಕು.

ಕನ್ನಡಕದ ನಂಬರ್ ಕಮ್ಮಿ ಆಗುತ್ತಾ?

ಇಲ್ಲ. ಪೊರೆ ಕರಗುವುದಿಲ್ಲ, ಶುಗರ್‌ನಿಂದ ಆದ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ತೊಂದರೆಯೂ ವಾಸಿಯಾಗುವುದಿಲ್ಲ. ಹಾಗಂತ ಹೇಳುವ ವಿಡಿಯೋಗಳನ್ನು ನಂಬಬೇಡಿ.

ಇದು ಈಗ ಬಂದಿರೋ ಹೊಸ ಟ್ರೆಂಡಾ?

ಹಳೆಯದೇ. 1940ರ ದಶಕದಲ್ಲಿ ಬ್ರಿಟನ್‌ನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಎಂಬ ಇಬ್ಬರು ವೈದ್ಯರು, ಒಳಕಿವಿಗೆ ಮತ್ತು ತಲೆಗೆ ಪೆಟ್ಟಾದವರಿಗಾಗಿ ಇಂಥ ವ್ಯಾಯಾಮಗಳನ್ನು ಜೋಡಿಸಿದರು. ಮೊದಲು ಮಲಗಿದಲ್ಲೇ ಕಣ್ಣು, ಆಮೇಲೆ ತಲೆ, ಆಮೇಲೆ ಕೂತು, ನಿಂತು, ಕೊನೆಗೆ ನಡೆಯುತ್ತಾ. ಇವತ್ತಿಗೂ ಫಿಸಿಯೋಥೆರಪಿಯವರು ಹೆಚ್ಚುಕಡಿಮೆ ಇದೇ ಏಣಿ ಹತ್ತಿಸುತ್ತಾರೆ. ಡಯಾಲಿಸಿಸ್‌ನವರಿಗೆ ಇದನ್ನು ಹೊಂದಿಸುವುದು ಮಾತ್ರ ಹೊಸತು. ಇದರ ಬಲವಾದ ಪುರಾವೆ ಬಂದಿರುವುದು ಒಳಕಿವಿಯ ತೊಂದರೆ ಇರುವವರಿಂದ ಅನ್ನುವುದೂ ನೆನಪಿರಲಿ.

ಡಯಾಲಿಸಿಸ್ ಮಾಡಿಸೋರು ಬಿದ್ದರೆ ಯಾಕಷ್ಟು ಗಾಬರಿ? ಎಲ್ಲರೂ ಬೀಳ್ತಾರಲ್ಲ?

ಬಿದ್ದಾಗ ಆಗುವ ನಷ್ಟ ಬೇರೆ. ಕಿಡ್ನಿ ಕೆಲಸ ನಿಲ್ಲಿಸಿದರೆ ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ ಎಲ್ಲದರ ಲೆಕ್ಕ ತಪ್ಪುತ್ತದೆ. ಮೂಳೆ ಒಳಗಿಂದ ಸೊರಗುತ್ತದೆ. ಸಣ್ಣ ಬೀಳುವಿಕೆಗೇ ಸೊಂಟದ ಹತ್ತಿರ ಮುರಿಯಬಹುದು. ಇನ್ನೊಂದು, ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಹೆಪಾರಿನ್ ಡಯಾಲಿಸಿಸ್ ಮುಗಿದ ಮೇಲೂ ಕೆಲವು ಗಂಟೆ ಕೆಲಸ ಮಾಡುತ್ತಿರುತ್ತದೆ. ಆ ಹೊತ್ತಲ್ಲಿ ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ತಿಳಿಸಿ. "ಏನೂ ಆಗಿಲ್ಲ ಬಿಡಿ" ಅಂತ ಮಲಗಿಬಿಡುವುದು ಬೇಡ.

## ಶುರು ಮಾಡುವ ಮೊದಲು

ನಮ್ಮಪ್ಪ ತಲೆಸುತ್ತು ಅಂತಾರೆ. ಈ ವ್ಯಾಯಾಮ ಮಾಡಿಸಿದ್ರೆ ಸಾಕಾ?

ತಲೆಸುತ್ತು ಅಂದರೆ ಏನಾಗುತ್ತದೆ ಅಂತ ಅಪ್ಪನನ್ನೇ ಇನ್ನೊಂದು ಸಲ ಕೇಳಿ. ಒಂದೇ ಪದದಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ.

ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅದು ಬಿಪಿಯ ಕೆಲಸ. ಮಲಗಿದ್ದಾಗ ಒಮ್ಮೆ, ಎದ್ದು ನಿಂತು 3 ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಅಲ್ಲೇ ಇದೆ. ಡಯಾಲಿಸಿಸ್‌ನಲ್ಲಿ ನೀರು ಜಾಸ್ತಿ ತೆಗೆದಿರಬಹುದು, ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) ಬದಲಾಗಬೇಕಿರಬಹುದು, ಬಿಪಿ ಮಾತ್ರೆಯ ಹೊತ್ತು ಬದಲಿಸಬೇಕಿರಬಹುದು. ಕಣ್ಣಿನ ವ್ಯಾಯಾಮ ಇದಕ್ಕೆ ಏನೂ ಮಾಡುವುದಿಲ್ಲ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತರೆ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿರಬಹುದು. ಅದಕ್ಕೆ ಎಪ್ಲಿ ಎಂಬ ಬೇರೆ ವಿಧಾನ ಇದೆ. ಬಲ್ಲವರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿದರೆ ಎಷ್ಟೋ ಜನರಿಗೆ ಒಂದೆರಡು ಸಲಕ್ಕೇ ಸರಿಹೋಗುತ್ತದೆ.

ನಡೆಯುವಾಗ ಎದುರಿನದೆಲ್ಲ ಓಡುತ್ತಾ ಹಿಡಿದ ವಿಡಿಯೋದ ಹಾಗೆ ಕುಣಿಯುತ್ತದೆ, ತಲೆ ತಿರುಗಿಸಿ ಯಾರನ್ನಾದರೂ ನೋಡಿದರೆ ಹೆಜ್ಜೆ ತಪ್ಪುತ್ತದೆ ಅಂದರೆ, ಈ ಪುಟದ ವ್ಯಾಯಾಮಗಳು ಹೇಳಿ ಮಾಡಿಸಿದ್ದು ಅವರಿಗೇ.

ಮಾತ್ರೆ, ಇಂಜೆಕ್ಷನ್‌ನಿಂದಲೂ ಹೀಗಾಗುತ್ತಾ?

ಆಗುತ್ತದೆ. ಬಹಳ ಜನ ಇದನ್ನೇ ಮರೆಯುತ್ತಾರೆ. ಕಾಲುರಿಗೆ, ಮೈ ತುರಿಕೆಗೆ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಕೊಡುತ್ತಾರೆ. ಈ ಎರಡೂ ದೇಹದಿಂದ ಹೊರಗೆ ಹೋಗಬೇಕಾದದ್ದು ಕಿಡ್ನಿಯ ಮೂಲಕ. ಡೋಸ್ ಸ್ವಲ್ಪ ಜಾಸ್ತಿಯಾದರೂ ಮೈಯಲ್ಲೇ ಉಳಿದು ತೂಕಡಿಕೆ, ತೂರಾಟ, ಕೈಕಾಲು ಬೆಚ್ಚಿದ ಹಾಗೆ ಎಗರುವುದು ಕಾಣಿಸುತ್ತದೆ. ಸೆಳೆತಕ್ಕೆ ಕೊಡುವ ಬ್ಯಾಕ್ಲೋಫೆನ್ ಇದಕ್ಕಿಂತ ಅಪಾಯ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಚೀಟಿ ಹಿಡಿದು ಕೇಳಿ.

ಸೋಂಕಿಗೆ ಕೊಡುವ ಜೆಂಟಮೈಸಿನ್ ಗುಂಪಿನ ಇಂಜೆಕ್ಷನ್‌ಗಳ ಕಥೆ ಬೇರೆ. ಇವು ಎರಡೂ ಕಡೆಯ ಒಳಕಿವಿಯ ಬ್ಯಾಲೆನ್ಸ್ ಭಾಗವನ್ನು ಒಟ್ಟಿಗೇ ಕೆಡಿಸಬಹುದು. ಎರಡೂ ಸಮನಾಗಿ ಕೆಡುವುದರಿಂದ ಗಿರ್ರನೆ ಸುತ್ತುವುದಿಲ್ಲ. ಕಿವಿ ಚೆನ್ನಾಗೇ ಕೇಳಿಸಬಹುದು. ಕತ್ತಲಲ್ಲಿ ಆಯ ತಪ್ಪುವುದು, ನಡೆಯುವಾಗ ನೋಟ ಕುಣಿಯುವುದು ಮಾತ್ರ ಉಳಿಯುತ್ತದೆ. ಅದಕ್ಕೇ ಎಷ್ಟೋ ಸಲ ಇದನ್ನು "ಡಯಾಲಿಸಿಸ್ ಸುಸ್ತು" ಅಂತ ತಳ್ಳಿಹಾಕಿಬಿಡುತ್ತಾರೆ. ಹಿಂದೆ ಕ್ಯಾಥೆಟರ್ (ಡಯಾಲಿಸಿಸ್‌ಗಾಗಿ ರಕ್ತನಾಳಕ್ಕೆ ಹಾಕುವ ಟ್ಯೂಬ್) ಸೋಂಕು ಆಗಿದ್ದರೆ ಆಗ ಯಾವ ಔಷಧ ಕೊಟ್ಟಿದ್ದರು ಅಂತ ಹಳೇ ಫೈಲ್ ತೆಗೆದು ನೋಡಿ.

ಯಾರು ಮಾಡಬಾರದು?

ಕಣ್ಣಿನೊಳಗೆ ರಕ್ತಸ್ರಾವ ಆಗಿದ್ದವರು, ರೆಟಿನಾ ಬಿಟ್ಟುಕೊಂಡಿದ್ದವರು, ಇತ್ತೀಚೆಗೆ ಕಣ್ಣಿನ ಆಪರೇಷನ್ ಅಥವಾ ಇಂಜೆಕ್ಷನ್ ಆದವರು ಕಣ್ಣಿನ ಡಾಕ್ಟರು ಒಪ್ಪುವವರೆಗೂ ತಲೆ ಆಡಿಸುವ ವ್ಯಾಯಾಮ ಮಾಡಬಾರದು.

ಕತ್ತಿನ ವಿಷಯವೂ ಇದೆ. ತುಂಬಾ ವರ್ಷದಿಂದ ಡಯಾಲಿಸಿಸ್‌ನಲ್ಲಿ ಇರುವವರಿಗೆ ಯಂತ್ರ ಪೂರ್ತಿ ತೆಗೆಯಲಾರದ ಒಂದು ಪ್ರೋಟೀನ್ ಕೀಲುಗಳಲ್ಲಿ, ಕತ್ತಿನ ಮೂಳೆಗಳ ನಡುವೆ ಸೇರಿಕೊಳ್ಳುತ್ತದೆ. ಕತ್ತು ನೋವು, ಕೈಗೆ ಜೋಮು ಇದ್ದರೆ ಮೊದಲು ಕತ್ತಿನ ಎಕ್ಸ್‌ರೇ ಆಗಲಿ. ಕತ್ತಿನಲ್ಲಿ ಕ್ಯಾಥೆಟರ್ ಇರುವವರೂ ತಲೆಯನ್ನು ಎಷ್ಟು ತಿರುಗಿಸಬಹುದು ಅಂತ ಡಯಾಲಿಸಿಸ್ ಸಿಬ್ಬಂದಿಯನ್ನು ಕೇಳಿಕೊಳ್ಳಬೇಕು. ಟ್ಯೂಬ್ ಜಗ್ಗಿದರೆ ವ್ಯಾಯಾಮದ ಲಾಭಕ್ಕಿಂತ ತಾಪತ್ರಯವೇ ಹೆಚ್ಚು.

ಯಾವಾಗ ಇದೆಲ್ಲ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು?

ಇದ್ದಕ್ಕಿದ್ದಂತೆ ಒಂದು ಎರಡಾಗಿ ಕಂಡರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ ಅದು ಸ್ಟ್ರೋಕ್ ಇರಬಹುದು. ಕಣ್ಣಿನ ಮುಂದೆ ಮಿಂಚು ಹೊಡೆದ ಹಾಗೆ, ಪರದೆ ಇಳಿದ ಹಾಗೆ ಆದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಒಂದು ಸರದಿ ಡಯಾಲಿಸಿಸ್ ತಪ್ಪಿಸಿಕೊಂಡು ಕಾಲುಗಳು ನಿಶ್ಶಕ್ತವಾದರೆ ಪೊಟ್ಯಾಸಿಯಂ ಏರಿರಬಹುದು. ಅದು ಹೃದಯಕ್ಕೆ ಅಪಾಯ, ಕಾಯಬೇಡಿ. ಸರಿಯಾಗಿ ಊಟ ಸೇರದವರಲ್ಲಿ ತೂರಾಟದ ಜೊತೆಗೆ ಗೊಂದಲ, ಕಣ್ಣು ಸರಿಯಾಗಿ ಹೊರಳದಿರುವುದು ಕಂಡರೆ ವಿಟಮಿನ್ ಬಿ1 ಕೊರತೆಯನ್ನೂ ನೋಡಿಸಬೇಕು. ಅದು ಡಯಾಲಿಸಿಸ್‌ನಲ್ಲಿ ನೀರಿನ ಜೊತೆ ತೊಳೆದುಹೋಗುವ ವಿಟಮಿನ್.

## ಮಾಡುವ ಬಗೆ

ಡಯಾಲಿಸಿಸ್ ನಡೀತಿರುವಾಗಲೇ ಮಾಡಬಹುದಾ? ನಾಲ್ಕು ಗಂಟೆ ಸುಮ್ನೆ ಕೂತಿರ್ತೀವಲ್ಲ

ಕಣ್ಣು ಮಾತ್ರ ಆಡಿಸುವ ವ್ಯಾಯಾಮ ಮಾಡಬಹುದು. ಇದಕ್ಕೆ ಇಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ. ಒಂದು ಕೈಯಲ್ಲಿ ಸೂಜಿ, ಪಕ್ಕದಲ್ಲಿ ಯಂತ್ರ, ಎದ್ದು ಓಡಾಡುವ ಹಾಗಿಲ್ಲ. ಕಣ್ಣು ಮಾತ್ರ ಬಿಡುವಾಗಿರುತ್ತದೆ. ಬೀಳುವ ಭಯವಿಲ್ಲ, ಬಿಪಿ ನೋಡುವವರು ಪಕ್ಕದಲ್ಲೇ ಇರುತ್ತಾರೆ.

ಮೊದಲ ಎರಡು ಗಂಟೆಯೊಳಗೆ ಮುಗಿಸಿ. ಹೊತ್ತು ಹೋದಂತೆ ನೀರು ಇಳಿಯುತ್ತಾ ಬಿಪಿ ಬೀಳುವ ಸಂಭವ ಜಾಸ್ತಿ. ಆಗ ಬಂದ ತಲೆಸುತ್ತು ಬಿಪಿಯದೋ ವ್ಯಾಯಾಮದ್ದೋ ಅಂತ ಸಿಬ್ಬಂದಿಗೂ ತಿಳಿಯುವುದಿಲ್ಲ. ತಲೆ ತಿರುಗಿಸುವ ವ್ಯಾಯಾಮವನ್ನು ಮನೆಗೆ ಇಟ್ಟುಕೊಳ್ಳಿ.

ಕುರ್ಚಿಯಲ್ಲಿ ಏನೇನು ಮಾಡೋದು? ಬಿಡಿಸಿ ಹೇಳಿ

ತಲೆ ದಿಂಬಿಗೆ ಒರಗಿರಲಿ. ನೋಡಲು ಗುರುತು ಬೇಕು. ಎರಡು ಚೀಟಿಯ ಮೇಲೆ ದಪ್ಪಗೆ "ಅ", "ಕ" ಅಂತ ಬರೆದು ಎದುರಿನ ಗೋಡೆಗೆ ಒಂದು ಮಾರು ಅಂತರದಲ್ಲಿ ಅಂಟಿಸಿದರೆ ಆಯಿತು. ಅದಕ್ಕೂ ಬಿಡದಿದ್ದರೆ ಗಡಿಯಾರ, ಕಿಟಕಿಯ ಮೂಲೆ, ಯಂತ್ರದ ತುದಿ ಏನಾದರೂ ಆಗುತ್ತದೆ.

ಮೊದಲು ಜಿಗಿತ. ತಲೆ ಅಲ್ಲಾಡಿಸದೆ "ಅ" ನೋಡಿ, ಅಲ್ಲಿಂದ ಒಂದೇ ನೆಗೆತಕ್ಕೆ "ಕ"ಗೆ ಹೋಗಿ. ಅಕ್ಷರ ಸ್ಪಷ್ಟವಾದ ಮೇಲೆ ವಾಪಸ್ ಬನ್ನಿ. ಅವಸರ ಬೇಡ. ಅರ್ಧ ನಿಮಿಷ ಅಡ್ಡಕ್ಕೆ, ಅರ್ಧ ನಿಮಿಷ ಮೇಲೆ ಕೆಳಗೆ.

ಆಮೇಲೆ ಹಿಂಬಾಲಿಸುವುದು. ಸೂಜಿ ಇಲ್ಲದ ಕೈಯ ಹೆಬ್ಬೆರಳನ್ನು ಮುಂದೆ ಚಾಚಿ, ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಸಿ. ಉಗುರಿನ ಮೇಲಿಂದ ಕಣ್ಣು ಕೀಳಬೇಡಿ. ಕಣ್ಣು ನಡುನಡುವೆ ತಟಕ್ ತಟಕ್ ಅಂತ ಜಾರಿದರೆ ಬೆರಳಿನ ವೇಗ ಜಾಸ್ತಿ ಆಯಿತು ಅಂತ ಅರ್ಥ.

ಕೊನೆಗೆ ಹತ್ತಿರ–ದೂರ. ಅದೇ ಬೆರಳನ್ನು ಒಂದು ಗೇಣಿನಷ್ಟು ಹತ್ತಿರ ಹಿಡಿದು ನೋಡಿ, ಮತ್ತೆ ಗೋಡೆಯ ಅಕ್ಷರ ನೋಡಿ. ಬೆರಳು ಎರಡಾಗಿ ಕಂಡರೆ ಸ್ವಲ್ಪ ದೂರ ಸರಿಸಿ.

ಎಲ್ಲ ಸೇರಿ ಐದು ನಿಮಿಷ ಆಗಬಹುದು. ಒಂದು ಗಂಟೆ ಬಿಟ್ಟು ಇನ್ನೊಂದು ಸಲ ಮಾಡಿದರೂ ಸರಿ.

ಕಣ್ಣು ಮಾತ್ರ ಆಡಿಸಿದ್ರೆ ಸಾಕಲ್ವಾ? ತಲೆ ಬೇರೆ ಯಾಕೆ?

ಇಲ್ಲೇ ಹೆಚ್ಚಿನವರು ಎಡವುವುದು. ಕಣ್ಣು ಆಡಿಸುವುದು ಸುಲಭ, ಹಾಗಾಗಿ ಅಲ್ಲೇ ನಿಂತುಬಿಡುತ್ತಾರೆ. ತಲೆ ಅಲ್ಲಾಡದಿದ್ದರೆ ಒಳಕಿವಿಗೆ ಕೆಲಸವೇ ಇಲ್ಲ. ನೋಟ ಮಸುಕಾದಾಗ ಮೆದುಳಿಗೆ "ಲೆಕ್ಕ ತಪ್ಪಿತು" ಅಂತ ತಿಳಿಯುತ್ತದೆ, ಆಮೇಲೆ ಅದು ತಿದ್ದಿಕೊಳ್ಳುತ್ತದೆ. ಆ ತಪ್ಪು ಹುಟ್ಟಬೇಕಾದರೆ ತಲೆ ತಿರುಗಲೇಬೇಕು. ಒಳಕಿವಿ ದುರ್ಬಲವಾದವರಿಗಾಗಿ ಅಮೆರಿಕದ ಫಿಸಿಕಲ್ ಥೆರಪಿ ಸಂಘದ ನರವಿಭಾಗ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಕೂಡ, ನೋಟ ನಿಲ್ಲಿಸಲು ಬರೀ ಕಣ್ಣಿನ ಜಿಗಿತ, ಹಿಂಬಾಲಿಸುವಿಕೆಯನ್ನಷ್ಟೇ ಕೊಡಬೇಡಿ ಅಂತ ಖಡಾಖಂಡಿತವಾಗಿ ಹೇಳುತ್ತದೆ.

ಕುರ್ಚಿಯ ವ್ಯಾಯಾಮ ವ್ಯರ್ಥ ಅಂತಲ್ಲ. ಸುಸ್ತಾದವರಿಗೆ, ಭಯ ಇರುವವರಿಗೆ ಅದು ಒಳ್ಳೆ ಆರಂಭ. ಆದರೆ ತಿಂಗಳುಗಟ್ಟಲೆ ಅದನ್ನೇ ಮಾಡಿ "ಏನೂ ಪ್ರಯೋಜನ ಆಗಲಿಲ್ಲ" ಅಂದರೆ ತಪ್ಪು ವ್ಯಾಯಾಮದ್ದಲ್ಲ.

ತಲೆ ತಿರುಗಿಸೋ ವ್ಯಾಯಾಮ ಹೇಗೆ?

ಗಟ್ಟಿ ಕುರ್ಚಿ, ಎರಡೂ ಪಾದ ನೆಲದ ಮೇಲೆ. ಕಣ್ಣಿನ ಎತ್ತರಕ್ಕೆ, ಕೈ ಚಾಚಿದಷ್ಟು ದೂರದಲ್ಲಿ ಒಂದು ಅಕ್ಷರ ಅಂಟಿಸಿ. ನಿಮಗೆ ಸ್ಪಷ್ಟವಾಗಿ ಕಾಣುವಷ್ಟು ಸಣ್ಣದಿರಲಿ. ಅದರ ಮೇಲೆ ನೋಟ ನೆಟ್ಟು, "ಇಲ್ಲ ಇಲ್ಲ" ಅನ್ನುವ ಹಾಗೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ. ಸ್ವಲ್ಪವೇ ಸಾಕು, ಗದ್ದ ಭುಜಕ್ಕೆ ತಾಗಬೇಕಿಲ್ಲ. ಅಕ್ಷರ ಸ್ಪಷ್ಟವಾಗಿ ಇರುವವರೆಗೂ ವೇಗ ಏರಿಸಿ, ಮಸುಕಾಗಲು ಶುರುವಾದ ಕಡೆ ನಿಲ್ಲಿಸಿ, ಒಂದು ಕೂದಲೆಳೆ ಕಮ್ಮಿ ಮಾಡಿ. ನಿಮ್ಮ ವೇಗ ಅದು. 30 ಸೆಕೆಂಡ್ ಮಾಡಿ ವಿಶ್ರಾಂತಿ ತೆಗೆದುಕೊಳ್ಳಿ. ನಂತರ "ಹೌದು ಹೌದು" ಅನ್ನುವ ಹಾಗೆ ಮೇಲೆ ಕೆಳಗೆ.

ಇದು ಸಲೀಸಾದ ಮೇಲೆ ಅಕ್ಷರವನ್ನು ಕೈಯಲ್ಲೇ ಹಿಡಿದು, ತಲೆ ಎಡಕ್ಕೆ ಹೋದಾಗ ಅಕ್ಷರ ಬಲಕ್ಕೆ ಹೋಗುವ ಹಾಗೆ ಮಾಡಬಹುದು. ಇದು ನಿಜಕ್ಕೂ ಕಷ್ಟ. ಫಿಸಿಯೋ ನೋಡದೆ ಇದಕ್ಕೆ ಕೈ ಹಾಕಬೇಡಿ.

ದಿನಕ್ಕೆ ಎಷ್ಟು ಹೊತ್ತು ಮಾಡಬೇಕು?

ಒಳಕಿವಿಯ ತೊಂದರೆ ಹೊಸದಾಗಿದ್ದವರಿಗೆ ದಿನಕ್ಕೆ ಮೂರು ಸಲ, ಒಟ್ಟು 12 ನಿಮಿಷವಾದರೂ ಬೇಕು, ಹಳೆಯದಾಗಿದ್ದರೆ ಒಟ್ಟು 20 ನಿಮಿಷ, ನಾಲ್ಕರಿಂದ ಆರು ವಾರ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಡಯಾಲಿಸಿಸ್‌ನವರು ಮೊದಲ ದಿನವೇ ಅಷ್ಟಕ್ಕೆ ಹೋಗಬೇಡಿ. ಒಂದೊಂದು ನಿಮಿಷದಿಂದ ಶುರು ಮಾಡಿ, ವಾರ ವಾರ ಏರಿಸಿ. ಒಂದೇ ಸಲ ಅರ್ಧ ಗಂಟೆ ಮಾಡುವುದಕ್ಕಿಂತ ಚೂರು ಚೂರಾಗಿ ಮಾಡುವುದು ಒಳ್ಳೆಯದು.

ಮಾಡಿದ್ರೆ ತಲೆಸುತ್ತು ಜಾಸ್ತಿ ಆಗುತ್ತೆ. ಬಿಟ್ಟುಬಿಡಬೇಕಾ?

ಸ್ವಲ್ಪ ಆಗಬೇಕು, ಜಾಸ್ತಿ ಆಗಬಾರದು. ಹತ್ತಕ್ಕೆ ಎರಡು ಮೂರು ಅನ್ನುವಷ್ಟು ಅಸ್ವಸ್ಥತೆ ಬಂದು, 15–20 ನಿಮಿಷದಲ್ಲಿ ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ. ವಾಂತಿ ಬರುವ ಹಾಗಾದರೆ ಅಥವಾ ಗಂಟೆಗಟ್ಟಲೆ ತಲೆ ಭಾರ ಉಳಿದರೆ ವೇಗವನ್ನೂ ಹೊತ್ತನ್ನೂ ಅರ್ಧಕ್ಕೆ ಇಳಿಸಿ. ಮೂರು ದಿನವಾದರೂ ಹಾಗೇ ಇದ್ದರೆ ತೋರಿಸಿ.

ಡಯಾಲಿಸಿಸ್ ಆದ ದಿನ ಮನೆಗೆ ಬಂದು ಮಾಡಲಾ?

ಬೇಡ. ಮಲಗಿ. ಬಿಡುವಿನ ದಿನಗಳಲ್ಲಿ ಮಾಡಿದರೆ ಸಾಕು.

## ಮುಂದಿನ ಹೆಜ್ಜೆ

ನಿಂತುಕೊಂಡು, ನಡೀತಾ ಯಾವಾಗ ಮಾಡಬಹುದು?

ಕೂತು ಮಾಡಿದಾಗ ಅಕ್ಷರ ಒಂದು ನಿಮಿಷ ಪೂರ್ತಿ ಸ್ಪಷ್ಟವಾಗಿ ನಿಂತರೆ. ಮೊದಲು ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಮುಂದೆ ಒಂದು ಕುರ್ಚಿ ಇಟ್ಟುಕೊಂಡು ನಿಲ್ಲಿ. ಬಿದ್ದರೂ ಗೋಡೆ ಇದೆ, ಹಿಡಿಯಲು ಕುರ್ಚಿ ಇದೆ. ಭಾರವನ್ನು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈ ಮೇಲೆ ಹಾಕಬೇಡಿ. ಪಾದ ಅಗಲ ಇಟ್ಟು ಶುರು ಮಾಡಿ, ದಿನ ಕಳೆದಂತೆ ಹತ್ತಿರ ತನ್ನಿ.

ನಡೆಯುತ್ತಾ ಮಾಡುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮೂರು ಹೆಜ್ಜೆ ಎಡಕ್ಕೆ ನೋಡುತ್ತಾ, ಮೂರು ಹೆಜ್ಜೆ ಬಲಕ್ಕೆ ನೋಡುತ್ತಾ ನೇರ ಹೋಗಿ. ರಸ್ತೆ ದಾಟುವಾಗ ಮಾಡುವುದು ಇದನ್ನೇ ಅಲ್ವಾ?

ಅಮ್ಮನಿಗೆ ಒಂದು ಕಣ್ಣು ಸರಿಯಾಗಿ ಕಾಣಲ್ಲ. ಆದರೂ ಮಾಡಿಸಬಹುದಾ?

ರೆಟಿನಾ ಸ್ಥಿರವಾಗಿದೆ ಅಂತ ಕಣ್ಣಿನ ಡಾಕ್ಟರು ಹೇಳಿದರೆ ಮಾಡಿಸಬಹುದು. ಅಕ್ಷರ ಅಂಗೈಯಷ್ಟು ದೊಡ್ಡದಿರಲಿ, ಬಿಳಿ ಹಾಳೆ ಮೇಲೆ ಕಪ್ಪು ಬಣ್ಣ. ಹತ್ತಿರ–ದೂರದ ವ್ಯಾಯಾಮಕ್ಕೆ ಎರಡೂ ಕಣ್ಣು ಬೇಕು, ಅದನ್ನು ಬಿಟ್ಟುಬಿಡಿ.

ಪ್ರೋಗ್ರೆಸಿವ್ ಕನ್ನಡಕ ಹಾಕ್ತೀನಿ. ಪರವಾಗಿಲ್ವಾ?

ವ್ಯಾಯಾಮಕ್ಕೆ ತೊಡಕು, ಮೆಟ್ಟಿಲಿಗೆ ಅಪಾಯ. ಕೆಳಗಿನ ಭಾಗ ಓದಲು ಇರುವುದರಿಂದ ಕಾಲ ಬಳಿಯ ಮೆಟ್ಟಿಲು ಅದರಲ್ಲಿ ಮಸುಕಾಗುತ್ತದೆ. ಹೊರಗೆ ನಡೆಯಲು ದೂರದ ನಂಬರಿನ ಬೇರೆ ಕನ್ನಡಕ ಇಟ್ಟುಕೊಂಡರೆ ಒಳ್ಳೆಯದು.

ನಮ್ಮ ಯಜಮಾನರದು ಹೊಟ್ಟೆ ಡಯಾಲಿಸಿಸ್. ಅವರಿಗೂ ಇದೇನಾ?

ವ್ಯಾಯಾಮ ಇದೇ. ಈ ಬಗೆಯಲ್ಲಿ ಯಂತ್ರದ ಬದಲು ಹೊಟ್ಟೆಯೊಳಗೆ ದ್ರವ ತುಂಬಿ, ಆಮೇಲೆ ಹೊರಗೆ ತೆಗೆಯುತ್ತಾರೆ. ಎರಡು ಲೀಟರಿನಷ್ಟು ದ್ರವ ಒಳಗಿರುವಾಗ ದೇಹದ ಭಾರ ಮುಂದಕ್ಕೆ ವಾಲುತ್ತದೆ. ನಿಂತು ಮಾಡುವ ವ್ಯಾಯಾಮವನ್ನು ಮೊದಲು ಆ ದ್ರವ ಹೊರಗೆ ತೆಗೆದ ಮೇಲೆ ಕಲಿತು, ಆಮೇಲೆ ದ್ರವ ಇರುವಾಗ ಮಾಡಲಿ.

ವಾಕಿಂಗ್ ಬದಲು ಇದನ್ನೇ ಮಾಡಿದ್ರೆ ಆಗಲ್ವಾ?

ಆಗುವುದಿಲ್ಲ. ಡಯಾಲಿಸಿಸ್‌ನವರಲ್ಲಿ ತೊಡೆಯ ಸ್ನಾಯು ಕರಗುತ್ತದೆ. ಅದನ್ನು ಕಣ್ಣು ತುಂಬಿಕೊಡಲಾರದು. ಇಟಲಿಯಲ್ಲಿ ನಡೆದ ಎಕ್ಸೈಟ್ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಮನೆಯಲ್ಲೇ ಹಗುರ ನಡಿಗೆಯ ವ್ಯಾಯಾಮ ಮಾಡಿದ ಡಯಾಲಿಸಿಸ್ ರೋಗಿಗಳು 6 ನಿಮಿಷದಲ್ಲಿ ನಡೆಯುವ ದೂರ ಆರು ತಿಂಗಳಲ್ಲಿ ಸರಾಸರಿ 328 ಮೀಟರಿನಿಂದ 367 ಮೀಟರಿಗೆ ಏರಿತು. ಮಾಡದವರದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು ದಿನಾ ಇರಲಿ. ಕಣ್ಣಿನ ವ್ಯಾಯಾಮ ಅದರ ಪಕ್ಕಕ್ಕೆ ಸೇರಲಿ.

ಸುಧಾರಿಸಿದೆ ಅಂತ ಹೇಗೆ ಗೊತ್ತಾಗೋದು?

ಕೈ ಇರುವ ಕುರ್ಚಿಯಿಂದ 3 ಮೀಟರ್ ದೂರಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಎದ್ದು, ಟೇಪ್‌ವರೆಗೆ ಎಂದಿನ ವೇಗದಲ್ಲಿ ನಡೆದು, ತಿರುಗಿ ಬಂದು ಕೂರುವುದಕ್ಕೆ ಎಷ್ಟು ಸೆಕೆಂಡ್ ಆಗುತ್ತದೆ ಅಂತ ಮನೆಯವರು ಫೋನಿನಲ್ಲಿ ನೋಡಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಎರಡು ವಾರಕ್ಕೊಮ್ಮೆ ಅಳೆಯಿರಿ. ಯಾವಾಗಲೂ ಡಯಾಲಿಸಿಸ್ ಇಲ್ಲದ ದಿನ, ಅದೇ ಹೊತ್ತು, ಅದೇ ಚಪ್ಪಲಿ. ಇಲ್ಲದಿದ್ದರೆ ನೀವು ಅಳೆಯುವುದು ಹಿಂದಿನ ದಿನ ತೆಗೆದ ನೀರನ್ನೇ ಹೊರತು ಬ್ಯಾಲೆನ್ಸನ್ನಲ್ಲ.

ತಿರುಗುವ ಜಾಗವನ್ನು ಬೇರೆಯಾಗಿ ಗಮನಿಸಿ. ಒಟ್ಟು ಸೆಕೆಂಡ್ ಅಷ್ಟೇ ಇದ್ದರೂ, ಮೊದಲು ಏಳೆಂಟು ಪುಟ್ಟ ಹೆಜ್ಜೆ ಇಟ್ಟು ತಿರುಗುತ್ತಿದ್ದವರು ಈಗ ನಾಲ್ಕರಲ್ಲಿ ತಿರುಗುತ್ತಿದ್ದರೆ ಅದನ್ನೂ ಬರೆದಿಡಿ, ಮುಂದಿನ ಸಲ ಫಿಸಿಯೋಗೆ ತೋರಿಸಿ.